ಹೊಂದದ ಸಹಿ

ಪೆನ್ನು ಮತ್ತೆ ಜಾರಿತು. ನೊರೀನ್ ಬಗ್ಗಿ ಎತ್ತಿಕೊಟ್ಟಳು. ಪಾರ್ಶ್ವವಾಯು ಬಡಿದ ಮೇಲೆ ಮುದುಕ ಓರ್ವಿಲ್‌ನ ಕೈ ಅವನ ಮಾತು ಕೇಳುತ್ತಿರಲಿಲ್ಲ. ಅಂಚೆಯಲ್ಲಿ ಕಳಿಸಿದ ಮತದ ಲಕೋಟೆಯ ಮೇಲಿನ ಸಹಿ ಹಳೆಯದಕ್ಕೆ ಹೊಂದದೆ, ಚುನಾವಣಾ ಕಚೇರಿ ಅದನ್ನು ಪಕ್ಕಕ್ಕಿಟ್ಟಿತ್ತು. ಆ ಸಹಿ ತನ್ನದೇ ಎಂದು ಒಪ್ಪುವ ಈ ಹಾಳೆಗೆ ಸಹಿ ಹಾಕಿ, ಇವತ್ತು ಸಂಜೆ ಐದರೊಳಗೆ ಕಚೇರಿಗೆ ತಲುಪಿಸಿದರೆ ಮತ ಎಣಿಕೆಗೆ ಸೇರುತ್ತದೆ.

"ಅವಸರ ಬೇಡ," ಎಂದು ಅವಳು ಹಾಳೆಯನ್ನು ಅಲುಗದಂತೆ ಒತ್ತಿಹಿಡಿದಳು.

ಸಂಸತ್ ಸ್ಥಾನದ ಪ್ರಾಥಮಿಕ ಚುನಾವಣೆ. ಪಕ್ಷ ಯಾವುದಾದರೂ ಇರಲಿ, ಮೊದಲ ಇಬ್ಬರಷ್ಟೇ ನವೆಂಬರ್ ಕಣಕ್ಕೆ. ಎಣಿಕೆ ಇನ್ನೂ ಮುಗಿದಿರಲಿಲ್ಲ; ಎರಡನೆಯ ಸ್ಥಾನದಲ್ಲಿ ಕ್ವಿಂಟಾನಾ, ಬೋರ್ಡನ್‌ಗಿಂತ ಬೆರಳೆಣಿಕೆಯ ಮತಗಳಿಂದ ಮುಂದಿದ್ದಳು. ನೊರೀನ್ ಅವಳ ಪರವಾಗಿ ಇಂಥ ಹಾಳೆಗಳಿಗೆ ಸಹಿ ಹಾಕಿಸಲು, ಅವಳ ಪಕ್ಷದವರೆಂದು ಮತದಾರರ ಪಟ್ಟಿಯಲ್ಲಿ ನೋಂದಾಯಿಸಿಕೊಂಡಿದ್ದವರ ಮನೆಗಳಿಗಷ್ಟೇ ಹೋಗುತ್ತಿದ್ದಳು. ಹೊರಗೆ ಕಾರಿನಲ್ಲಿ ಗಂಡ ಡೇಲ್ ಫೋನು ನೋಡುತ್ತ ಕೂತಿದ್ದ. ಚುನಾವಣೆಯ ಮೇಲೆ ಬಾಜಿ ಕಟ್ಟುವ ಆನ್‌ಲೈನ್ ಮಾರುಕಟ್ಟೆಯಲ್ಲಿ, ನೊರೀನ್‌ಳ ಮೊಣಕಾಲಿನ ಆಪರೇಷನ್ನಿಗೆಂದು ತೆಗೆದಿಟ್ಟ ಹಣವನ್ನೆಲ್ಲ ಅವನು ಕ್ವಿಂಟಾನಾ ಮೇಲೆ ಹಾಕಿದ್ದ.

"ಅಂತೂ ಆಯ್ತು ತಾಯಿ," ಓರ್ವಿಲ್ ಉಸಿರುಬಿಟ್ಟ. "ನನ್ನ ಓಟು ಕಸಕ್ಕೆ ಹೋಗ್ತದೇನೋ ಅಂತ ನಿದ್ದೇನೇ ಬಂದಿರ್ಲಿಲ್ಲ. ಬೋರ್ಡನ್ ಗೆಲ್ಲಲಿ ಬಿಡಲಿ, ಎಣಿಸಿದ್ರೆ ಸಾಕು."

"ಬೋರ್ಡನ್ನಾ? ನೀವು ನಮ್ಮ ಪಕ್ಷದವರಲ್ವಾ?"

"ಹುಡುಗನಾಗಿದ್ದಾಗಿಂದ್ಲೂ! ಆದ್ರೆ ನನ್ನವಳು ಹೋದಾಗ ಆ ಬೋರ್ಡನ್ ವಾರವೆಲ್ಲ ಊಟ ತಂದುಕೊಟ್ಟ. ಪಾತ್ರೇನೂ ಅವನೇ ತೊಳೆದಿಟ್ಟು ಹೋಗ್ತಿದ್ದ. ಎಲ್ಲರ ಹೆಸರೂ ಒಂದೇ ಹಾಳೇಲಿತ್ತು, ಹಾಕಿಬಿಟ್ಟೆ."

ನೊರೀನ್ ಕಚೇರಿಗೆ ತಲುಪಿಸಬೇಕಾದ ಹಾಳೆಯನ್ನು ಮಡಚಿಟ್ಟುಕೊಂಡಳು. ಮುದುಕ ಗೋಡೆ ಹಿಡಿದು ಎದ್ದು, ಅವಳ ಚೀಲಕ್ಕೆ ಏಪ್ರಿಕಾಟ್ ಹಣ್ಣು ತುಂಬಿದ. "ಕಾರಲ್ಲಿ ಪಾಪ ಕಾಯ್ತಿದ್ದಾರಲ್ಲ, ಅವರಿಗೂ ಕೊಡಿ."

ಅವಳು ಕುಂಟುತ್ತ ಬಂದು ಕಾರು ಹತ್ತಿದಳು. ಡೇಲ್ ಹಣ್ಣೊಂದನ್ನು ಕಚ್ಚಿದ. "ನಮಗೊಂದು ಓಟು! ಮಂಡಿ ಸರಿಯಾಗಲಿ, ಆಮೇಲೆ ನೀನು ಓಡೋದನ್ನ ಯಾರು ತಡೀತಾರೋ ನೋಡೋಣ."

"ಬೋರ್ಡನ್‌ಗೆ ಹಾಕಿದ್ದಾರಂತೆ."

ಡೇಲ್ ಅಗಿಯುವುದನ್ನು ನಿಲ್ಲಿಸಿದ. ಗಾಡಿ ಹೊರಟಿತು. ಮುಖ್ಯ ರಸ್ತೆಯ ಸಿಗ್ನಲ್ ದಾಟಿ ನೇರ ಹೋಯಿತು.

"ಡೇಲ್, ಕಚೇರಿ ಎಡಗಡೆ."

"ಗೊತ್ತು ಕಣೇ."

ನೊರೀನ್ ಮೊಣಕಾಲು ನೀವಿಕೊಂಡಳು. ಇನ್ನೊಮ್ಮೆ ಹೇಳಲಿಲ್ಲ.