ಚೊಕ್ಕಟವಾದ ಕಾಡು

ಕೃಷಿ ಇಲಾಖೆಯ ಅಧಿಕಾರಿ ಸೊಸೆಯ ಹಿಂದೆ ಹೊಲದ ಕೆಳಗಿನ ಮೂಲೆಗೆ ಬಂದು ನೋಡಿದರೆ, ಅಲ್ಲಿ ಮಾವ ಕುಡುಗೋಲು ಹಿಡಿದು ಜಗತ್ತನ್ನೇ ಗೆದ್ದವರ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದರು. ಬೆಳಕು ಹರಿಯುವ ಮೊದಲೇ ಶುರುಮಾಡಿ, ಇದ್ದಬದ್ದ ಪೊದೆಯನ್ನೆಲ್ಲ ಸವರಿ, ಹುಲ್ಲನ್ನು ಬೇರುಸಹಿತ ಕಿತ್ತು, ನೆಲವನ್ನು ಎಷ್ಟು ನುಣ್ಣಗೆ ಮಾಡಿದ್ದರೆಂದರೆ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಬಹುದಿತ್ತು. ಕಳೆ ಕೀಳುವುದರಲ್ಲಿ ಆ ಮನುಷ್ಯ ಅಂತಿಂಥವರಲ್ಲ. ಅವರು ಬದುವಿನ ಮೇಲೆ ಕೆಮ್ಮಿದರೆ ಸಾಕು, ಮೂರು ಹೊಲದಾಚೆಯ ಗರಿಕೆ ತನ್ನ ಬೇರು ತಾನೇ ಕಿತ್ತುಕೊಂಡು ಓಡುತ್ತಿತ್ತು. ನಾನು ಕಡಿಮೆ ಮಾಡಿ ಹೇಳುತ್ತಿದ್ದೇನೆ.

ಸೊಸೆ ನಿಂತಲ್ಲೇ ಕಲ್ಲಾದಳು. ಆ ಮೂಲೆಯನ್ನು ಉಳದೆ, ಬಿತ್ತದೆ, ಮುಟ್ಟದೆ ಹಕ್ಕಿ-ಹುಳುಗಳಿಗೆ ಬಿಟ್ಟುಕೊಡುತ್ತೇವೆಂದು ಸಹಿ ಹಾಕಿದವಳು ಅವಳೇ. ಬಲವಂತವೇನಿಲ್ಲ, ಮನಸ್ಸಿದ್ದವರು ಬಿಡಬಹುದು, ಬಿಟ್ಟವರಿಗೆ ಸರ್ಕಾರ ವರ್ಷಾವರ್ಷ ಹಣ ಕೊಡುತ್ತದೆ. ಮಾತು ತಪ್ಪಿದರೆ ಮಾತ್ರ ನುಂಗಿದ್ದನ್ನೆಲ್ಲ ಕಕ್ಕಬೇಕು. ಮೊದಲ ವರ್ಷದ ಹಣ ಆಗಲೇ ಮನೆಯ ಮೇಲೆ ಹೊಸ ಹೆಂಚಾಗಿ ಕೂತಿತ್ತು.

"ಮಾವಾ, ಏನಿದು?"

"ಏನಿದು ಅಂದ್ರೆ? ಸರ್ಕಾರದೋರು ನೋಡೋಕೆ ಬರ್ತಾರೆ, ಹೊಲದಲ್ಲಿ ಕಾಡು ಬೆಳೆಸ್ಕೊಂಡು ಕೂತಿರೋಕಾಗುತ್ತಾ? ನೆಂಟರು ಬರೋ ದಿನ ಮನೆ ಗುಡಿಸಲ್ವೇನಮ್ಮಾ?"

"ಅವರು ನೋಡೋಕೆ ಬಂದಿದ್ದೇ ಆ ಕಾಡನ್ನ!"

"ನೀನು ಹಂಗಂದಾಗ ತಮಾಷೆ ಅಂದ್ಕೊಂಡೆ. ಕಳೆಗೆ ದುಡ್ಡು ಕೊಡೋರು ಯಾವ ಸೀಮೇಲಿದಾರೆ? ಏನ್ ಸ್ವಾಮಿ, ನೀವೇ ಹೇಳಿ."

ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ನೆಲ ಮೊದಲಿಗಿಂತ ಬೋಳಾಗಿ ಕಂಡಿತು. "ಏನಂತ ಬರೀಲಮ್ಮಾ? ಒಂದು ಇರುವೆನಾದ್ರೂ ತೋರ್ಸಿ." ಸೊಸೆ ಬಗ್ಗಿ ಹುಡುಕಿದಳು. ಇರುವೆಗಳು ಮಾವನಿಗೆ ಹೆದರಿ ಬೆಳಗ್ಗೆಯೇ ಪಕ್ಕದ ಊರಿಗೆ ವರ್ಗ ಮಾಡಿಸಿಕೊಂಡಿದ್ದವು. "ಹೆಂಚು ಇಳಿಸಿ ಮಾರಿ ಕೊಡ್ಬೇಕಷ್ಟೇ ಸಾರ್," ಎಂದು ಅವಳು ಮನೆಯ ಕಡೆ ನೋಡಿದಳು. ಮಾವನ ಮೀಸೆ ಹುಟ್ಟಿದಾಗಿನಿಂದ ಮೊದಲ ಸಲ ಕೆಳಗಿಳಿಯಿತು.

ಆಗ ಅಧಿಕಾರಿಯ ಕಣ್ಣು ಆ ಬೋಳು ನೆಲದ ನಟ್ಟನಡುವೆ ಸಿಕ್ಕಿಕೊಂಡಿತು. ಅಲ್ಲಿ ಮೊರದಗಲ ಹುಲ್ಲು ಮಾತ್ರ ಬೋಳುತಲೆಯ ಮೇಲಿನ ಜುಟ್ಟಿನ ಹಾಗೆ ನಿಂತಿತ್ತು.

"ಅದೊಂದನ್ನ ಯಾಕೆ ಬಿಟ್ರಿ ಯಜಮಾನ್ರೇ?"

ಮಾವ ಬೇರೆ ಕಡೆ ನೋಡಿದರು. "ಅದಾ... ಗೌಜಲಕ್ಕಿ ಮೊಟ್ಟೆ ಮೇಲೆ ಕೂತಿತ್ತು. ಏಳೇ ಅಂದೆ, ಏಳ್ಲಿಲ್ಲ. ಕುಡುಗೋಲು ತೋರಿಸ್ದೆ. ನನ್ನನ್ನೇ ದುರುಗುಟ್ಕೊಂಡು ನೋಡ್ತು, ಥೇಟ್ ಇವಳ ಹಂಗೆ! ಹೊಟ್ಟೆ ಕೆಳಗೆ ಮಕ್ಕಳನ್ನಿಟ್ಕೊಂಡು ಕೂತಿರೋಳ ಹತ್ರ ಜಗಳಕ್ಕೆ ನಿಲ್ಲೋಕಾಗುತ್ತಾ?"

"ಅದನ್ನ ಉಳಿಸೋಕೆ ನಿಮಗೆ ದುಡ್ಡು ಯಾರು ಕೊಟ್ರು?" ಅಧಿಕಾರಿ ಕೇಳಿದ.

"ಅದಕ್ಕೂ ದುಡ್ಡಾ?" ಮಾವನ ಬಾಯಿ ಎಷ್ಟಗಲ ತೆರೆಯಿತೆಂದರೆ ಗೌಜಲು ತನ್ನ ಸಂಸಾರವನ್ನೆಲ್ಲ ಅಲ್ಲಿಗೇ ಸಾಗಿಸಬಹುದಿತ್ತು.

ಅಧಿಕಾರಿ ನಗು ತಡೆದು ಪೆನ್ನಿನ ಮುಚ್ಚಳ ಹಾಕಿದ. "ನೆಲದೊಳಗೆ ಬೀಜ ಇರುತ್ತೆ, ಮತ್ತೆ ಬರುತ್ತೆ. ಮಳೆಗಾಲ ಕಳೆದ ಮೇಲೆ ಇನ್ನೊಂದು ಸಲ ಬಂದು ನೋಡ್ತೀನಿ. ಅಲ್ಲೀವರೆಗೂ ಏನೂ ಬರೆಯಲ್ಲ, ಹಣ ವಾಪಸ್ಸೂ ಕೇಳಲ್ಲ. ಆದ್ರೆ ಆ ಕುಡುಗೋಲು..." ಸೊಸೆ ಆಗಲೇ ಕೈ ಚಾಚಿದ್ದಳು. ಮಾವ ಕಿರೀಟ ಕಳಚಿ ಕೊಡುವವರ ಹಾಗೆ ಕೊಟ್ಟರು.

ಫೋಟೋ ತೆಗೆಯಲು ಅಧಿಕಾರಿ ಮುಂದೆ ಹೆಜ್ಜೆಯಿಟ್ಟ. ಮಾವ ಎರಡೂ ಕೈ ಅಗಲಿಸಿ ಅಡ್ಡ ನಿಂತರು. "ಶ್! ಸರ್ಕಾರ ಆದ್ರೇನು? ಬೂಟು ಸದ್ದು ಮಾಡ್ಕೊಂಡು ಇಲ್ಲಿ ಬರಂಗಿಲ್ಲ. ಎದ್ದುಬಿಟ್ಟಾಳು!"

ಸ್ವಲ್ಪ ಹೊತ್ತಿನಲ್ಲಿ ಇಲಾಖೆಯ ಜೀಪು ಒಂದಿಷ್ಟೂ ಸದ್ದಿಲ್ಲದೆ ಹೊಲದಿಂದ ಹೊರಟಿತು: ಬರಿಗಾಲಿನ ಅಧಿಕಾರಿ ತೊಡೆಯ ಮೇಲೆ ಬೂಟು ಇಟ್ಟುಕೊಂಡು ಸ್ಟೀರಿಂಗ್ ಹಿಡಿದಿದ್ದ, ಇಂಜಿನ್ ಸ್ಟಾರ್ಟ್ ಮಾಡಲು ಬಿಡದೆ, ಹಿಂದಿನಿಂದ ಮಾವ-ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು ರಸ್ತೆಯವರೆಗೆ ತಳ್ಳುತ್ತಿದ್ದರು.