ಕೌದಿಯ ಉಪವಾಸ

ಸ್ವಪ್ನಾ ಚಹಾದ ತಟ್ಟೆ ಹಿಡಿದು ಗೆಳತಿ ವರ್ನಾಳ ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಅನಾಹುತ ಆಗಿಹೋಗಿತ್ತು. ಅತ್ತೆ ಕಾಳವ್ವ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು, ವರ್ನಾಳ ಅಜ್ಜಿಯ ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು, ಅದರ ಮೂಲೆಗೆ ಕೊನೆಯ ಗಂಟು ಹಾಕುತ್ತಿದ್ದಳು.

ಆ ಅಜ್ಜಿ ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಹೆಂಗಸು. ಕೌದಿಯ ಒಂದು ಮೂಲೆ ಬಾಕಿ ಇರುವಾಗಲೇ ತೀರಿಕೊಂಡಿದ್ದಳು. ಬಾಯಿ ತೆರೆದ ಆ ಮೂಲೆಯನ್ನೂ ಅದಕ್ಕೆ ಚುಚ್ಚಿದ್ದ ಸೂಜಿಯನ್ನೂ ವರ್ನಾ ಇದ್ದ ಹಾಗೆಯೇ ಕಾಪಾಡಿಕೊಂಡು, ದೇಶದಿಂದ ದೇಶಕ್ಕೆ ಹೊತ್ತು ಕುವೈತಿನವರೆಗೂ ತಂದಿದ್ದಳು. ಇದೆಲ್ಲ ಸ್ವಪ್ನಾಳಿಗೆ ಗೊತ್ತಿತ್ತು. ಅತ್ತೆಗೆ ಹೇಳುವುದನ್ನು ಮರೆತಿದ್ದಳು, ಅಷ್ಟೇ.

ಅಲ್ಲಿಯವರೆಗೆ ಶುಕ್ರವಾರ ಎಷ್ಟು ಸೊಗಸಾಗಿ ನಡೆದಿತ್ತು! ಅಬು ಹಲೀಫಾ ಬಡಾವಣೆಯ ತನ್ನ ಫ್ಲ್ಯಾಟಿನಲ್ಲಿ ವರ್ನಾ ತನ್ನೂರಿನ ಮನೆಮದ್ದು, ಕೈಕೆಲಸಗಳ ಕೂಟ ಏರ್ಪಡಿಸಿದ್ದಳು. ಮೇಜಿನ ತುಂಬ ಒಣಗಿಸಿದ ಬೇರು, ಕಾಡುಹಣ್ಣಿನ ಪಾಕ, ಮರದ ಸೀಳಿನಿಂದ ಹೆಣೆದ ಬುಟ್ಟಿ, ಗೋವಿನಜೋಳದ ಸಿಪ್ಪೆಯ ಗೊಂಬೆ, ಅದೇ ಜೋಳದ ರೊಟ್ಟಿ. ಸೋಫಾದ ಮೇಲೆ ಅಜ್ಜಿಯ ಕೌದಿ. ಬಂದವರೂ ತಮ್ಮ ತಮ್ಮ ಮದ್ದು ತಂದಿದ್ದರು. ಊರಿನಿಂದ ಮಗನ ಮನೆಗೆಂದು ಪಕ್ಕದ ಮಂಗಫ್‌ಗೆ ಬಂದಿದ್ದ ಕಾಳವ್ವ ಸೆರಗಿನ ಗಂಟು ಬಿಚ್ಚಿ ಒಂದು ಬಜೆಯ ತುಂಡು ಕೊಟ್ಟಾಗ ವರ್ನಾ ಮೂಸಿ ನೋಡಿ ಕುಣಿದೇಬಿಟ್ಟಳು. ಹೊಟ್ಟೆನೋವಿಗೆ ಅವಳ ಅಜ್ಜಿ ಕೊಡುತ್ತಿದ್ದದ್ದೂ ಇದನ್ನೇ ಅಂತೆ! ಒಬ್ಬರ ಮಾತು ಒಬ್ಬರಿಗೆ ತಿಳಿಯದ ಇಬ್ಬರೂ ಆಮೇಲೆ ಬಹಳ ಹೊತ್ತು ಬೇರು ಮೂಸುತ್ತ, ತಲೆಯಾಡಿಸುತ್ತ ಕೂತಿದ್ದರು. ನೋಡಿ ಸ್ವಪ್ನಾಳಿಗೆ ಹಿಗ್ಗೋ ಹಿಗ್ಗು. ಕುವೈತಿನಲ್ಲಿ ಅವಳಿಗೆ ಪರಿಚಯದವರು ಸಾವಿರ. ಗೆಳತಿ ಎಂದರೆ ತಾನು ಕಲಿಸುವ ಶಾಲೆಯಲ್ಲಿ ಪಕ್ಕದ ತರಗತಿಗೆ ಪಾಠ ಹೇಳುವ ವರ್ನಾ ಒಬ್ಬಳೇ.

"ಅತ್ತೀ, ಏನ್ ಮಾಡಿಬಿಟ್ರಿ ಇದು?"

"ಏನ್ ಮಾಡ್ತೀನಿ? ಮೂಲಿ ಖಾಲಿ ಇತ್ತು, ತುಂಬಿ ಹೊಲದೀನಿ. ಮನಿಗೆ ಬಂದ ಹಿರೇರಿಗಂತ ಬಿಟ್ಟಿದ್ರಲ್ಲ? ನಾ ಸುತ್ತ ನೋಡಿದ್ನಿ. ನನ್ನಷ್ಟು ತಲಿ ಬೆಳ್ಳಗಾದಾಕಿ ಇಲ್ಲಿ ಯಾವಾಕಿನೂ ಇಲ್ಲ."

ಕಾಳವ್ವನ ಊರಿನ ಪದ್ಧತಿಯೇ ಹಾಗೆ. ಕೌದಿ ಹೊಲಿದವಳು ಕೊನೆಯ ಮೂಲೆಯನ್ನು ತಾನೇ ಮುಚ್ಚುವುದಿಲ್ಲ. ಸೂಜಿ ಚುಚ್ಚಿ ಬಿಡುತ್ತಾಳೆ. ಮನೆಗೆ ಬಂದ ಹಿರಿಯಳು ಅದರೊಳಗೆ ರೊಟ್ಟಿಯ ಚೂರಿಟ್ಟು ಮುಚ್ಚಬೇಕು. ಹಸಿದ ಕೌದಿ ಯಾರನ್ನೂ ಬೆಚ್ಚಗಿಡುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. ಪರದೇಶದ ಹೆಂಗಸೊಬ್ಬಳು ತನಗೆ ಇಷ್ಟು ದೊಡ್ಡ ಮರ್ಯಾದೆ ಕೊಟ್ಟಳಲ್ಲ ಎಂದು ಕಾಳವ್ವನ ಮುಖ ಅರಳಿತ್ತು.

ಅಷ್ಟರಲ್ಲಿ ವರ್ನಾ ಬಂದಳು. ಮೂಲೆ ನೋಡಿದವಳ ಮುಖದ ಬಣ್ಣವೇ ಇಳಿದುಹೋಯಿತು. "ಯಾರು ಹೊಲಿದದ್ದು?" ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು.

ಸ್ವಪ್ನಾಳಿಗೆ ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಕಾಳವ್ವನಿಗೆ ಭಾಷೆಯ ಹಂಗೇ ಬೇಕಾಗಲಿಲ್ಲ; ಸೂಜಿಯನ್ನು ಮೇಲೆತ್ತಿ ತೋರಿಸಿ, ಎದೆ ತಟ್ಟಿಕೊಂಡು, ಬಾಯ್ತುಂಬ ನಕ್ಕಳು. ಇನ್ನು ಮುಚ್ಚಿಡುವುದೇನು? ಸ್ವಪ್ನಾ ಊರಿನ ಪದ್ಧತಿಯನ್ನು ಗೆಳತಿಗೂ, ಅಜ್ಜಿಯ ಸಾವನ್ನು ಅತ್ತೆಗೂ ಹೇಳಿದಳು.

ಕಾಳವ್ವನ ನಗು ಅಲ್ಲಿಗೇ ನಿಂತಿತು. "ಅಯ್ಯ ಶಿವನ! ಸತ್ತಾಕಿ ಸೂಜಿ ಏನವ್ವಾ ಇದು? ತಪ್ಪಾತು ಅನ್ನು. ಕತ್ತರಿ ಕೊಡು, ಈಗಿಂದೀಗ ಬಿಚ್ಚಿಬಿಡ್ತೀನಿ."

ವರ್ನಾ ಕೌದಿಯನ್ನು ತನ್ನತ್ತ ಎಳೆದುಕೊಂಡಳು. ಮುಚ್ಚಿದ ಮೂಲೆಯನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. "ಒಳಗೆ ಏನು ಹಾಕಿದ್ದಾರೆ ಕೇಳು."

"ಅವರ ಮನೀದ ಗೊಂಜಾಳ ರೊಟ್ಟಿ. ಮೇಜಿನ ಮ್ಯಾಲಿಂದ ಒಂದು ಚೂರು ಮುರಕೊಂಡೆ."

ಇಂಗ್ಲಿಷಿನಲ್ಲಿ ಅದನ್ನು ಕೇಳಿದ್ದೇ ವರ್ನಾಳ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ನಕ್ಕಳು. "ಆ ರೊಟ್ಟಿ ಅಜ್ಜಿ ಕಲಿಸಿದ್ದು. ನನ್ನಂಥ ದಡ್ಡಿಗೆ ಇನ್ನೇನನ್ನೂ ಕಲಿಸುವ ತಾಳ್ಮೆ ಅವಳಿಗಿರಲಿಲ್ಲ. ಬಿಚ್ಚುವುದು ಬೇಡ ಅನ್ನು, ಸ್ವಪ್ನಾ."

ಸ್ವಪ್ನಾಳಿಗೆ ಹೋದ ಜೀವ ಬಂದಂತಾಯಿತು. ಅತ್ತೆಯನ್ನು ಕರೆದುಕೊಂಡು ಇನ್ನು ಹೊರಡೋಣ, ಇದ್ದಷ್ಟು ಮಾನ ಉಳಿಯಲಿ ಎಂದುಕೊಂಡಳು. ಕಾಳವ್ವನಿಗೆ ಮಾತ್ರ ಇನ್ನೂ ಒಂದು ವಿಚಾರ ಬಗೆಹರಿದಿರಲಿಲ್ಲ.

"ಇದನ್ನ ಹೊದ್ರ ಬೆಚ್ಚಗ ಆಗತೈತೇನು, ಕೇಳವ್ವಾ."

"ಗೊತ್ತಿಲ್ಲ" ಎಂದಳು ವರ್ನಾ. "ಒಮ್ಮೆಯೂ ಹೊದ್ದಿಲ್ಲ. ಹಾಳಾದೀತೆಂದು ಹೆದರಿಕೆ."

"ಒಮ್ಮಿನೂ ಇಲ್ಲಾ? ಮತ್ತ ಪಾಪ, ಆ ಮುದಕಿ ಕಣ್ಣು ಬತ್ತಿಸಿಕೊಂಡು ಯಾಕ ಹೊಲದ್ಲು?"

ಇದನ್ನು ವರ್ನಾಳಿಗೆ ಹೇಳುವುದೋ ಬೇಡವೋ ಎಂದು ಸ್ವಪ್ನಾ ಒಂದು ಗಳಿಗೆ ತಡೆದಳು. ಆಮೇಲೆ ಹೇಳಿಯೇಬಿಟ್ಟಳು. ವರ್ನಾ, ಬಂದವರೆಲ್ಲ ನೋಡುತ್ತಿರುವಂತೆಯೇ ಚಪ್ಪಲಿ ಬಿಟ್ಟು, ಸೋಫಾದ ಮೇಲೆ ಕಾಲು ಮಡಚಿ ಕೂತು, ಕೌದಿಯನ್ನು ಕೊರಳವರೆಗೆ ಎಳೆದುಕೊಂಡಳು. ಕಿಟಕಿಯಾಚೆ ಜುಲೈ ತಿಂಗಳ ಬೆಂಕಿಬಿಸಿಲು. ಸ್ವಪ್ನಾ ರಿಮೋಟು ಎತ್ತಿಕೊಂಡು ಏಸಿಯ ತಂಪನ್ನು ಏರಿಸುವಷ್ಟೂ ಏರಿಸಿದಳು.