ನಿಂತು ಮಾಡುವ ಅಡಿಗೆ

ಶುಕ್ರವಾರ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಹೊಸ ಅಡಿಗೆಮನೆಯೊಳಗೆ ಬಲಗಾಲಿಟ್ಟ ಕನಕಲಕ್ಷ್ಮಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. ನಿಂತು ಅಡಿಗೆ ಮಾಡಲೆಂದೇ ಕಟ್ಟಿಸಿದ ಕಟ್ಟೆ ಸರಿಯಾಗಿ ಆಕೆಯ ಎದೆಮಟ್ಟಕ್ಕಿತ್ತು. ಅದರ ಮೇಲೆ ಸೀಮೆಎಣ್ಣೆ ಸ್ಟೌ, ಸ್ಟೌ ಮೇಲೆ ಪಾತ್ರೆ ಇಟ್ಟರೆ, ಒಳಗೆ ಕಾಯುತ್ತಿರುವುದು ಹಾಲೋ ನೀರೋ ಎಂದು ನೋಡುವುದಕ್ಕೆ ಏಣಿಯೇ ಬೇಕು.

"ರೀ, ಇದೇನ್ರೀ ಇದು! ಇಲ್ಲಿ ಅಡಿಗೆಗೆ ನಿಲ್ಲೋಳು ನಾನೋ, ಭೀಮಸೇನನೋ?"

ಗಂಡ ಯೋಗಾನರಸಿಂಹಯ್ಯ ಮಳವಳ್ಳಿ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಆರಡಿ ಆಳು. "ಅಳತೆ ಕರೆಕ್ಟಾಗಿದೆ. ನಾನೇ ಮುಂದೆ ನಿಂತು ಹಿಡಿಸಿದ್ದು" ಎಂದರು. ಆಮೇಲೆ ತಮ್ಮ ಸೊಂಟವನ್ನೊಮ್ಮೆ, ಕಟ್ಟೆಯನ್ನೊಮ್ಮೆ ನೋಡಿಕೊಂಡರು. ಎರಡೂ ಒಂದೇ ಮಟ್ಟಕ್ಕಿದ್ದವು.

ಬಾಗಿಲಾಚೆ ನಿಂತಿದ್ದ ಗಾರೆ ಕೆಲಸದ ಬಾಬು ಜಾನ್ ತಲೆ ಕೆರೆದುಕೊಂಡ. "ನಾನು ಅವತ್ತೇ ಬಡ್ಕೊಂಡೆ ಕಣಮ್ಮ. ಅಮ್ಮಾರ್ನ ಕರೀರಿ, ಒಂದ್ ಕೋಲು ಇಡ್ದು ಗುರ್ತು ಮಾಡ್ಕತೀನಿ ಅಂದೆ. ಎಂಗುಸ್ರಿಗೆ ಅಳತೆ ಏನ್ ಗೊತ್ತು ಅಂದ್ಬುಟ್ಟು ಮೇಷ್ಟ್ರೇ ನಿಂತ್ಕಂಡ್ರು. ನಾನಾಗಿ ಬಂದು, ನಿಮ್ ಸೊಂಟ ಎಷ್ಟು ಎತ್ತರಕ್ಕದೆ ತಾಯಿ ಅಂತ ಕೇಳಕ್ಕಾಯ್ತದಾ?"

ಬ್ಲಫಿನ ವಿದ್ಯುತ್ ಕೇಂದ್ರದ ಕ್ವಾರ್ಟರ್ಸಿನಲ್ಲಿ ತಂಗಿ ನಿಂತುಕೊಂಡೇ ಹುಳಿ ಕುದಿಸುವುದನ್ನು ಕಂಡ ದಿನದಿಂದ ಕನಕಲಕ್ಷ್ಮಮ್ಮನಿಗೆ ಬೇರೆ ಯೋಚನೆಯೇ ಇರಲಿಲ್ಲ. ಆಕೆಯ ಮಂಡಿಗಳು ಕೂತರೆ ಏಳಲೊಲ್ಲವು, ಎದ್ದರೆ ಕೂರಲೊಲ್ಲವು. ಎರಡು ವರ್ಷ ಗೋಗರೆದ ಮೇಲೆ ಅಂತೂ ಮೇಷ್ಟ್ರು ಹಳೆ ಅಡಿಗೆಮನೆಯ ಗೋಡೆ ಒಡೆಸಿದರು. ಆಮೇಲೆ ಒಂದೂವರೆ ತಿಂಗಳು ಸಂಸಾರ ಅನ್ನುವುದು ಚೆಲ್ಲಾಪಿಲ್ಲಿ. ದೇವರ ಪಟಗಳು ಅಕ್ಕಿ ಮೂಟೆಯ ಮೇಲೆ, ಅಕ್ಕಿ ಮೂಟೆ ಮಂಚದ ಮೇಲೆ, ಮೇಷ್ಟ್ರು ನೆಲದ ಮೇಲೆ! ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ಮೂರು ಇಟ್ಟಿಗೆಯ ಒಲೆ ಹೂಡಿ, ಸಾರಿನಲ್ಲಿ ಸುಣ್ಣದ ಪುಡಿ ಬಿದ್ದರೂ ಅನ್ನದಲ್ಲಿ ಮರಳು ಸಿಕ್ಕರೂ ಆಕೆ ನಗುನಗುತ್ತಲೇ ನುಂಗಿಕೊಂಡಿದ್ದಳು. ಸಿಮೆಂಟು ನೀರು ಕುಡಿದು ಗಟ್ಟಿಯಾಗುವ ತನಕ ಒಳಗೆ ಕಾಲಿಡಬೇಡ ಎಂದಾಗಲೂ ಹೂಂ ಅಂದಿದ್ದಳು. ಈಗ ನೋಡಿದರೆ ಹೀಗೆ.

"ಒಡೆಸಿಬಿಡ್ತೀನಿ" ಎಂದರು ಮೇಷ್ಟ್ರು, ದನಿ ಇಳಿಸಿ. "ಇನ್ನೊಂದು ಹದಿನೈದು ದಿನ ಕೊಟ್ಟಿಗೇಲೇ ಹೇಗಾದರೂ ತಳ್ಳು."

"ಹದಿನೈದು ದಿನಾನಾ! ಅಷ್ಟೊತ್ತಿಗೆ ನನ್ನ ಮಂಡೀನೂ ಒಡೆದು ಹೋಗಿರುತ್ತೆ, ಅದನ್ನೂ ಬಾಬು ಜಾನ್ ಕೈಲೇ ಕಟ್ಟಿಸಿ" ಎಂದು ಕನಕಲಕ್ಷ್ಮಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು. ಒತ್ತಿಕೊಂಡ ಕಣ್ಣು ಕಿಟಕಿಯಾಚೆ ಹಿತ್ತಲಿಗೆ ಹೋಯಿತು. ಬಾವಿಕಟ್ಟೆಗೆ ಒರಗಿಸಿದ್ದ ಚಪ್ಪಡಿ ಕಲ್ಲು ಕಂಡಿತು. ಹಳೆಯ ಒಲೆಯ ಮುಂದಿದ್ದ ಕಲ್ಲು ಅದು. ಮದುವೆಯಾಗಿ ಬಂದಾಗಿನಿಂದ ಇಪ್ಪತ್ತಾರು ವರ್ಷ ಅದರ ಮೇಲೆಯೇ ಕೂತು ಬೇಯಿಸಿದ್ದಳು. ಆಕೆಯ ಮುಖ ಗೆಲುವಾಯಿತು.

"ಬಾಬು ಜಾನ್, ಆ ಕಲ್ಲು ಎತ್ತಿಕೊಂಡು ಬಾಪ್ಪ. ಕೆಳಗೆ ಇಟ್ಟಿಗೆ ಕೊಡು. ಕಟ್ಟೆ ಇಳಿಯೋಲ್ಲ ಅಂದ್ರೆ ನಾನೇ ಹತ್ತುತೀನಿ."

"ಅಯ್ಯೋ, ನನ್ ತಲೆಗೆ ಒಳೀನೇ ಇಲ್ವಲ್ಲ ಕಣಮ್ಮ!" ಎಂದು ಬಾಬು ಜಾನ್ ಓಡಿದ. ಕಲ್ಲು ಒಬ್ಬನ ಕೈಗೆ ಬಗ್ಗಲಿಲ್ಲ. ಮೇಷ್ಟ್ರೇ ಪಂಚೆ ಎತ್ತಿ ಕಟ್ಟಿ ಇನ್ನೊಂದು ತುದಿಗೆ ಕೈಕೊಟ್ಟರು. ಏದುಸಿರು ಬಿಡುತ್ತಾ ತಂದರು. ಉಳಿದಿದ್ದ ಇಟ್ಟಿಗೆಯಲ್ಲಿ ಮೂರು ಸಾಲು ಜೋಡಿಸಿ, ಮೇಲೆ ಕಲ್ಲು ಹಾಸಿ ಬಾಬು ಜಾನ್ ಹೇಳಿದ: "ಈಗ ಬರೀ ಜೋಡ್ಸಿವ್ನಿ. ಎತ್ತರ ಸಾಕಾ ನೋಡ್ಕಳಿ, ಆಮ್ಯಾಕೆ ಗಾರೆ ಆಕ್ತೀನಿ."

ಕನಕಲಕ್ಷ್ಮಮ್ಮ ಗಂಡನ ಭುಜ ಹಿಡಿದು ಹತ್ತಿದಳು. ಕಟ್ಟೆ ಸೊಂಟಕ್ಕೆ ಬಂತು. ಸ್ಟೌ ಹಚ್ಚಿ, ದೇವರ ಹೆಸರು ಹೇಳಿ ಪಾತ್ರೆ ಇಟ್ಟಳು. ಹಾಲು ಮೂಡಲ ಕಡೆಗೇ ಉಕ್ಕಿತು. "ಉಕ್ಕಿತು ನೋಡಿ, ಉಕ್ಕಿತು!" ಎಂದು ಸಣ್ಣ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ ಪಕ್ಕಕ್ಕೆ ತಿರುಗಿದಳು.

ಗಂಡನ ಮುಖ ಅಲ್ಲೇ ಇತ್ತು, ಇಷ್ಟು ಹತ್ತಿರದಲ್ಲಿ. ಇಪ್ಪತ್ತಾರು ವರ್ಷದಿಂದ ಹಗಲಿನಲ್ಲಿ ಆಕೆ ಅವರನ್ನು ಕಂಡದ್ದು ಎರಡೇ ಬಗೆ: ಊಟಕ್ಕೆ ಬಡಿಸುವಾಗ ಮೇಲಿನಿಂದ ನೆತ್ತಿ, ಮಾತಾಡುವಾಗ ಕೆಳಗಿನಿಂದ ಗಲ್ಲ.

"ರೀ, ನಿಮ್ಮ ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇದೆಯಲ್ರೀ!"

"ಅದು ಹುಟ್ಟಿದಾಗಿನಿಂದ ಇದೆ ಕಣೇ."

"ಇರಬಹುದು. ನನಗೆ ಇವತ್ತು ಸಿಕ್ಕಿತು."

ಎದುರಿಗೆ ನೆಟ್ಟಗೆ ನೋಡುವವಳ ಮುಂದೆ ಮೇಷ್ಟ್ರ ಕಿವಿ ಕೆಂಪಾಯಿತು. ಬಾಬು ಜಾನ್ ತನ್ನ ಲೋಟದ ಹಾಲು ಕುಡಿದು, ಮೀಸೆ ಒರೆಸಿಕೊಂಡು, ಗಾರೆ ಕಲಸಿಟ್ಟುಕೊಂಡು ಕರಣೆ ಎತ್ತಿಕೊಂಡ.

"ಎತ್ತರ ಸರ್ಯಾಗದಾ ಅಮ್ಮಾರೇ? ಗಾರೆ ಆಕ್ಬುಡ್ಲಾ?"

ಕನಕಲಕ್ಷ್ಮಮ್ಮ ತನ್ನ ಹುಬ್ಬಿನ ಮಟ್ಟಕ್ಕೆ ಅಂಗೈ ಇಟ್ಟು, ಅಲುಗಿಸದೆ ಹಾಗೆಯೇ ಗಂಡನ ಮುಖದ ತನಕ ಚಾಚಿದಳು. ಅದು ಅವರ ಮೂಗಿಗೆ ಬಂತು, ಹುಬ್ಬಿಗಲ್ಲ.

"ಇನ್ನೊಂದು ಸಾಲು ಏರಿಸಪ್ಪ" ಎಂದಳು.